ದಿಣ್ಣೆಯ ಊರು, ತಗ್ಗಿನ ಊರು: ಮಿಸಿಸಿಪ್ಪಿ ದಂಡೆಯ ನಗರಗಳು

ಅಮೆರಿಕದ ಮಿಸಿಸಿಪ್ಪಿ ನದಿಯ ದಂಡೆಯ ಯಾವ ನಗರಕ್ಕೆ ಹೋದರೂ ನಾನು ಮೊದಲು ತಿಳಿದುಕೊಳ್ಳಲು ಬಯಸುವುದು ಆ ಊರು ನೀರಿನ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ, ಎತ್ತರದ ನೆಲದಲ್ಲಿ ಯಾರು ಮನೆ ಕಟ್ಟಿಕೊಂಡರು ಮತ್ತು ತಗ್ಗಿನ ನೆಲ ಯಾರ ಪಾಲಿಗೆ ಬಂತು ಎಂಬುದನ್ನು. ಸೇಂಟ್ ಲೂಯಿಸ್‌ನಲ್ಲಿ ನೆಲೆಸಿದ ಮೇಲೆ, ರಜೆ ಸಿಕ್ಕಾಗಲೆಲ್ಲ ನದಿಯ ಪಕ್ಕದ ರಸ್ತೆ ಹಿಡಿದು ಉತ್ತರಕ್ಕೂ ದಕ್ಷಿಣಕ್ಕೂ ಓಡಾಡಿದ ಮೇಲೆ, ಈ ನಗರಗಳ ಚರಿತ್ರೆಯನ್ನು ಅರಿಯಲು ಇದಕ್ಕಿಂತ ನೇರವಾದ ದಾರಿ ಇಲ್ಲವೆಂದು ನನಗೆ ಖಚಿತವಾಗಿದೆ. ಈ ಪ್ರಶ್ನೆ ನನ್ನೊಳಗೆ ಹುಟ್ಟಿದ್ದಕ್ಕೆ ಕಾರಣವೂ ಉಂಟು. ನಾನು ಬಾಗಲಕೋಟೆಯ ಕಡೆಯಿಂದ ಬಂದವನು. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಊರಿನ ಓಣಿಗಳನ್ನು ನುಂಗಿ, ಜನರು ನವನಗರಕ್ಕೆ ಎದ್ದು ಹೋಗಬೇಕಾಗಿ ಬಂದುದನ್ನು ಕಂಡು ಬೆಳೆದವರಿಗೆ, ನೀರು ಎಲ್ಲಿಯವರೆಗೆ ಬರಬೇಕೆಂಬುದನ್ನು ನದಿಯೊಂದೇ ತೀರ್ಮಾನಿಸುವುದಿಲ್ಲ ಎಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಮಿನ್ನೆಸೋಟ ರಾಜ್ಯದ ಇಟಾಸ್ಕ ಎಂಬ ಸಣ್ಣ ಸರೋವರದಲ್ಲಿ ಹುಟ್ಟುವ ಈ ನದಿ ಸುಮಾರು 3,770 ಕಿಲೋಮೀಟರ್ ಹರಿದು ಮೆಕ್ಸಿಕೋ ಕೊಲ್ಲಿಯನ್ನು ಸೇರುತ್ತದೆ. ಹುಟ್ಟುವಲ್ಲಿ ಅದರ ಎತ್ತರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್. ಅಲ್ಲಿ ಜಾರಿದ ಹನಿಯೊಂದು ಸಮುದ್ರ ಸೇರಲು ಸುಮಾರು ಮೂರು ತಿಂಗಳು ಬೇಕೆಂದು ಹೇಳುತ್ತಾರೆ. ಇಷ್ಟು ಉದ್ದದ ಹಾದಿಯಲ್ಲಿ ದೊಡ್ಡದೆನ್ನಬಹುದಾದ ಜಲಪಾತ ಒಂದೇ ಇದೆ. ಅದು ಸೇಂಟ್ ಆಂಥನಿ ಜಲಪಾತ. ಮಿನಿಯಾಪೊಲಿಸ್ ನಗರ ಹುಟ್ಟಿದ್ದು ಅದರ ಬುಡದಲ್ಲಿ.

ಮೂಲನಿವಾಸಿಗಳಾದ ಡಕೋಟ ಜನರಿಗೆ ಪವಿತ್ರವಾಗಿದ್ದ ಆ ತಾಣವನ್ನು ಬಿಳಿಯ ವಲಸಿಗರು ಶಕ್ತಿಯ ಮೂಲವನ್ನಾಗಿ ಕಂಡರು. ಬೀಳುವ ನೀರು ಮೊದಲು ಮರ ಕೊಯ್ಯುವ ಗರಗಸಗಳನ್ನೂ ಆಮೇಲೆ ಗೋಧಿ ಬೀಸುವ ಗಿರಣಿಗಳನ್ನೂ ತಿರುಗಿಸಿತು. 1880ರಿಂದ ಸುಮಾರು ಐವತ್ತು ವರ್ಷಗಳ ಕಾಲ ಹಿಟ್ಟಿನ ಉತ್ಪಾದನೆಯಲ್ಲಿ ಜಗತ್ತಿನಲ್ಲೇ ಈ ಊರನ್ನು ಮೀರಿಸುವ ಊರು ಇರಲಿಲ್ಲ. ಆದರೆ ಜಲಪಾತವೇ ಇಲ್ಲವಾಗುವ ಗಂಡಾಂತರವೊಂದು ಅದಕ್ಕೂ ಮೊದಲೇ ಬಂದು ಹೋಗಿತ್ತು. ಅಲ್ಲಿ ಮೇಲೆ ತೆಳುವಾದ ಸುಣ್ಣಕಲ್ಲಿನ ಹಾಸು, ಅದರ ಕೆಳಗೆ ಕೈಯಿಂದ ಉಜ್ಜಿದರೆ ಉದುರುವಷ್ಟು ಮೃದುವಾದ ಮರಳುಗಲ್ಲು ಇದೆ. ನೀರು ಕೆಳಗಿನ ಮರಳುಗಲ್ಲನ್ನು ಕೊರೆಯುತ್ತದೆ, ಆಧಾರ ತಪ್ಪಿದ ಸುಣ್ಣಕಲ್ಲು ಮುರಿದು ಬೀಳುತ್ತದೆ, ಜಲಪಾತ ಹಿಂದಕ್ಕೆ ಸರಿಯುತ್ತದೆ. ಹಿಮಯುಗದ ಕೊನೆಯಿಂದ ಹೀಗೆ ಸರಿಯುತ್ತ ಸರಿಯುತ್ತ ಅದು ಕಿಲೋಮೀಟರ್‌ಗಟ್ಟಲೆ ಮೇಲಕ್ಕೆ ಬಂದಿದೆ. 1869ರ ಅಕ್ಟೋಬರ್‌ನಲ್ಲಿ, ಗಿರಣಿಗಳಿಂದ ಹೊರಬೀಳುವ ನೀರನ್ನು ಸಾಗಿಸಲು ದ್ವೀಪವೊಂದರ ಅಡಿಯಲ್ಲಿ ತೋಡುತ್ತಿದ್ದ ಸುರಂಗಕ್ಕೆ ನದಿ ನುಗ್ಗಿತು. ಊರಿನ ಜನ ಮರದ ದಿಮ್ಮಿಗಳನ್ನೂ ಮಣ್ಣನ್ನೂ ಕಲ್ಲನ್ನೂ ತಂದು ಸುರಿದು ಆ ಬಾಯಿಯನ್ನು ಮುಚ್ಚಲು ಹೆಣಗಿದರು. ಕೊನೆಗೆ ಭೂಸೇನೆಯ ಇಂಜಿನಿಯರ್‌ಗಳ ದಳ ಸುಣ್ಣಕಲ್ಲಿನ ಅಡಿಯಲ್ಲಿ ನದಿಯ ಅಡ್ಡಗಲಕ್ಕೂ ಕಾಂಕ್ರೀಟಿನ ಗೋಡೆಯೊಂದನ್ನು ಕಟ್ಟಿ 1876ರಲ್ಲಿ ಮುಗಿಸಿತು. ಇಂದು ನಾವು ಸ್ಟೋನ್ ಆರ್ಚ್ ಸೇತುವೆಯ ಮೇಲೆ ನಿಂತು ನೋಡುವ ಜಲಪಾತ ಆ ಕಾಣದ ಗೋಡೆಯ ಆಸರೆಯಲ್ಲಿ ನಿಂತಿದೆ, ಮೇಲೆ ಹೊದಿಸಿದ ಕಾಂಕ್ರೀಟಿನ ಇಳಿಜಾರಿನ ಮೇಲೆ ಹರಿಯುತ್ತಿದೆ. 1878ರಲ್ಲಿ ಹಿಟ್ಟಿನ ಧೂಳು ಹೊತ್ತಿಕೊಂಡು ಸಿಡಿದು 18 ಮಂದಿಯನ್ನು ಕೊಂದ ವಾಶ್‌ಬರ್ನ್ ‘ಎ’ ಗಿರಣಿಯನ್ನು ಮತ್ತೆ ಕಟ್ಟಿದರು. ಆ ಎರಡನೆಯ ಕಟ್ಟಡದ ಪಾಳುಗೋಡೆಗಳ ನಡುವೆಯೇ ಈಗ ಮಿಲ್ ಸಿಟಿ ವಸ್ತುಸಂಗ್ರಹಾಲಯವಿದೆ. ಅದನ್ನು ನೋಡದೆ ಯಾರೂ ಆ ಊರನ್ನು ಬಿಡಬಾರದು.

ಎತ್ತರದ ಭೇದ ಮಿನಿಯಾಪೊಲಿಸ್‌ಗೆ ಸಂಪತ್ತನ್ನು ಕೊಟ್ಟಿತು. ಕೆಳಗೆ ಹೋದಂತೆ ಅದೇ ಭೇದ ಬೇರೆ ಬೇರೆ ಅರ್ಥ ಪಡೆಯುತ್ತದೆ.

ಮಿನಿಯಾಪೊಲಿಸ್‌ನಿಂದ ಸೇಂಟ್ ಲೂಯಿಸ್‌ವರೆಗಿನ ನದಿ ಈಗ ನಿಜವಾಗಿ ಮೆಟ್ಟಿಲು ಮೆಟ್ಟಿಲಾದ ಕೆರೆಗಳ ಸಾಲು. ಒಂಬತ್ತು ಅಡಿ ಆಳದ ಹಡಗುದಾರಿಯನ್ನು ಕಾಯ್ದುಕೊಳ್ಳುವುದಕ್ಕಾಗಿ 1930ರ ದಶಕದಲ್ಲಿ ಒಂದಾದ ಮೇಲೊಂದರಂತೆ ಅಣೆಕಟ್ಟುಗಳನ್ನು ಕಟ್ಟಲಾಯಿತು. ಮೊದಲಿನವು, ಆಮೇಲಿನವು ಎಲ್ಲ ಸೇರಿ, ಹಡಗುಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಲಾಕ್‌ಗಳ ಸಂಖ್ಯೆ 29. ಸರಕು ತುಂಬಿದ, ಚಪ್ಪಟೆ ತಳದ ಹದಿನೈದು ಬಾರ್ಜ್‌ಗಳನ್ನು ಬಿಗಿದು ತಳ್ಳಿಕೊಂಡು ಬರುವ ದೋಣಿ ಆರುನೂರು ಅಡಿಯ ಲಾಕಿನಲ್ಲಿ ಒಮ್ಮೆಗೆ ಹಿಡಿಸದ ಕಾರಣ, ಸರಕನ್ನು ಎರಡು ಭಾಗ ಮಾಡಿ ದಾಟಿಸುವುದನ್ನು ನಾನು ದಡದಲ್ಲಿ ಕುಳಿತು ತುಂಬ ಹೊತ್ತು ನೋಡಿದ್ದೇನೆ. ಅಯೋವ ರಾಜ್ಯದ ಜೋಳ, ಸೋಯಾ ಇಳಿಯುವುದು ಹೀಗೆಯೇ. ಈ ಹಾದಿಯ ಸಣ್ಣ ಊರುಗಳಿಗೆ ಪ್ರತಿಯೊಂದಕ್ಕೂ ತನ್ನದೇ ಕಥೆ ಇದೆ. ಮಸ್ಕಟೀನ್ ಎಂಬ ಊರು ನದಿಯ ಸಿಹಿನೀರಿನ ಚಿಪ್ಪುಗಳಿಂದ ಅಂಗಿಯ ಗುಂಡಿ ಕೊರೆದು ಬದುಕಿತು. ಜರ್ಮನಿಯಿಂದ ಬಂದ ಜಾನ್ ಬೊಪ್ಲೆ 1890ರ ದಶಕದಲ್ಲಿ ಅಲ್ಲಿ ಈ ಉದ್ಯಮವನ್ನು ಶುರುಮಾಡಿದನು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ವರ್ಷಕ್ಕೆ ನೂರು ಕೋಟಿಗೂ ಮೀರಿ ಗುಂಡಿಗಳು ತಯಾರಾಗುತ್ತಿದ್ದವು. ಚಿಪ್ಪಿನ ಜೀವಿಗಳನ್ನು ಬಗೆದು ಮುಗಿಸಿದ ಮೇಲೆ ಮತ್ತು ಪ್ಲಾಸ್ಟಿಕ್ ಬಂದ ಮೇಲೆ ಆ ಬದುಕು ಕುಸಿಯಿತು. ಸ್ವಲ್ಪ ಮೇಲಿರುವ ಡ್ಯಾವೆನ್‌ಪೋರ್ಟ್ ನಗರ ತನ್ನ ಪೇಟೆಗೂ ನದಿಗೂ ನಡುವೆ ಶಾಶ್ವತವಾದ ಗೋಡೆ ಬೇಡವೆಂದು ಬಹುಕಾಲ ಹಟ ಹಿಡಿದುಕೊಂಡೇ ಬಂದ ಊರು. 2019ರ ಏಪ್ರಿಲ್ ಕೊನೆಯಲ್ಲಿ ತಾತ್ಕಾಲಿಕ ತಡೆ ಒಡೆದು ಪೇಟೆಯ ಬೀದಿಗಳಲ್ಲಿ ನೀರು ನಿಂತಿತು. ನದಿಯನ್ನು ಕಣ್ಣೆದುರು ಇಟ್ಟುಕೊಳ್ಳಬೇಕೆಂಬ ಆ ಊರಿನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ.

ಡ್ಯಾವೆನ್‌ಪೋರ್ಟ್ ಮತ್ತು ರಾಕ್ ಐಲೆಂಡ್ ನಡುವೆ 1856ರಲ್ಲಿ ಮಿಸಿಸಿಪ್ಪಿಯನ್ನು ದಾಟಿದ ಮೊದಲ ರೈಲು ಸೇತುವೆ ಎದ್ದಿತು. ಎರಡೇ ವಾರಗಳಲ್ಲಿ ಎಫೀ ಆಫ್ಟನ್ ಎಂಬ ಉಗಿಹಡಗು ಅದರ ಕಂಬಕ್ಕೆ ಬಡಿದು ಸುಟ್ಟುಹೋಯಿತು. ಹಡಗಿನ ಒಡೆಯರು ದಾವೆ ಹೂಡಿದರು. ಮರುವರ್ಷ ಸೇತುವೆಯ ಕಂಪನಿಯ ಪರವಾಗಿ ವಾದಿಸಿದ ವಕೀಲರಲ್ಲಿ ಒಬ್ಬರು ಅಬ್ರಹಾಂ ಲಿಂಕನ್. ತೀರ್ಪುಗಾರರು ಒಮ್ಮತಕ್ಕೆ ಬರಲಿಲ್ಲ, ಸೇತುವೆ ಉಳಿಯಿತು. ನದಿಯ ಉದ್ದಕ್ಕೆ ಸಾಗುವ ವ್ಯಾಪಾರ ಮತ್ತು ನದಿಯನ್ನು ಅಡ್ಡ ದಾಟುವ ವ್ಯಾಪಾರ, ಇವೆರಡರ ಜಗಳದಲ್ಲಿ ಎರಡನೆಯದು ಗೆದ್ದಿತು. ಆ ಗೆಲುವಿನ ಲಾಭ ರೈಲುಗಳ ಊರಾದ ಶಿಕಾಗೋಗೆ, ನಷ್ಟ ಹಡಗುಗಳ ಊರಾದ ಸೇಂಟ್ ಲೂಯಿಸ್‌ಗೆ.

ನಾನು ಇರುವ ಊರನ್ನು ಕುರಿತು ಸ್ವಲ್ಪ ಹೆಚ್ಚು ಬರೆಯುವುದಕ್ಕೆ ಓದುಗರು ಅವಕಾಶ ಕೊಡಬೇಕು. 1764ರಲ್ಲಿ ಫ್ರೆಂಚ್ ವ್ಯಾಪಾರಿ ಪಿಯರ್ ಲಕ್ಲೀಡ್ ಸೇಂಟ್ ಲೂಯಿಸ್‌ಗೆ ಈ ಜಾಗವನ್ನು ಆರಿಸಿದ್ದು ಇಲ್ಲಿ ಪಶ್ಚಿಮದ ದಂಡೆ ನೆರೆಯ ಮಟ್ಟಕ್ಕಿಂತ ಮೇಲಿರುವ ಸುಣ್ಣಕಲ್ಲಿನ ದಿಣ್ಣೆಯಾಗಿರುವುದರಿಂದ. ಎದುರಿನ ಪೂರ್ವದಂಡೆ ಮೈಲುಗಟ್ಟಲೆ ಹರಡಿದ ಮೆಕ್ಕಲು ಮಣ್ಣಿನ ತಗ್ಗು. ಅಮೆರಿಕನ್ ಬಾಟಮ್ ಎಂದು ಕರೆಯುವ ಆ ತಗ್ಗಿನಲ್ಲಿಯೇ, ಯುರೋಪಿನವರು ಬರುವುದಕ್ಕೆ ನೂರಾರು ವರ್ಷಗಳ ಮೊದಲು, ಕಹೋಕಿಯ ಎಂಬ ಮಹಾನಗರವಿತ್ತು. ಸುಮಾರು 1050ರಿಂದ 1200ರ ನಡುವೆ ಅದರ ಉಚ್ಛ್ರಾಯ ಕಾಲದಲ್ಲಿ ಅಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನರಿದ್ದರೆಂದು ಪುರಾತತ್ತ್ವಜ್ಞರು ಅಂದಾಜು ಮಾಡಿದ್ದಾರೆ. ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಸುರಿದು ಕಟ್ಟಿದ ಮಂಕ್ಸ್ ಮೌಂಡ್ ಎಂಬ ದಿಬ್ಬ ಇಂದಿಗೂ ಮೂವತ್ತು ಮೀಟರ್ ಎತ್ತರವಿದೆ. ಅದರ ಮೆಟ್ಟಿಲು ಹತ್ತಿ ನಿಂತರೆ ದೂರದಲ್ಲಿ ಸೇಂಟ್ ಲೂಯಿಸ್‌ನ ಕಮಾನು ಕಾಣುತ್ತದೆ. ತಗ್ಗಿನಲ್ಲಿ ಬಾಳಿದ ಜನ ತಮಗೆ ಬೇಕಾದ ಎತ್ತರವನ್ನು ತಾವೇ ಕಟ್ಟಿಕೊಂಡಿದ್ದರು. ಪಶ್ಚಿಮದ ದಂಡೆಯಲ್ಲೂ ಅಂಥ ದಿಬ್ಬಗಳಿದ್ದವು. ಊರು ಬೆಳೆದಂತೆ ಅವನ್ನು ಅಗೆದು ಸಮಮಾಡಿದರು, ಬಿಗ್ ಮೌಂಡ್ ಎಂಬ ಕೊನೆಯ ದೊಡ್ಡ ದಿಬ್ಬ 1869ರ ಹೊತ್ತಿಗೆ ಇಲ್ಲವಾಯಿತು. ಈ ನಾಶವನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

1830ರ ದಶಕದಲ್ಲಿ ನದಿಯ ಹರಿವು ಇಲಿನಾಯ್ ಕಡೆಗೆ ವಾಲಿ, ಸೇಂಟ್ ಲೂಯಿಸ್‌ನ ಬಂದರಿನ ಮುಂದೆ ಮರಳು ತುಂಬತೊಡಗಿತು. ಹೀಗೇ ಬಿಟ್ಟಿದ್ದರೆ ಊರು ನದಿಯನ್ನೇ ಕಳೆದುಕೊಳ್ಳುತ್ತಿತ್ತು. 1837ರಲ್ಲಿ ಸೇನೆಯ ಇಂಜಿನಿಯರ್ ಆಗಿ ಬಂದ ರಾಬರ್ಟ್ ಇ. ಲೀ, ಮುಂದೆ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆಗಳ ದಂಡನಾಯಕನಾದವನು, ಕಲ್ಲಿನ ತಡೆಗಳನ್ನು ಹಾಕಿಸಿ ಹರಿವನ್ನು ಮತ್ತೆ ಊರಿನ ಕಡೆಗೆ ತಿರುಗಿಸುವ ಕೆಲಸ ಕೈಗೊಂಡನು. ಆ ಕೆಲಸದ ಫಲವಾಗಿ ಬಂದರು ಉಳಿಯಿತು. ಆದರೆ ಈ ಊರು ನದಿಯನ್ನು ನಿಜವಾಗಿ ಬಲ್ಲವನೆಂದು ಹೆಮ್ಮೆಪಡಬೇಕಾದುದು ಜೇಮ್ಸ್ ಬ್ಯುಕ್ಯಾನನ್ ಈಡ್ಸ್ ಎಂಬವನ ಬಗ್ಗೆ. ಮುಳುಗಿದ ಉಗಿಹಡಗುಗಳ ಸರಕನ್ನು ಮೇಲೆತ್ತುವ ಕಸುಬಿನಲ್ಲಿ ಅವನು ತಾನೇ ತಯಾರಿಸಿದ, ಗಾಳಿ ತುಂಬಿದ, ಅಡಿ ತೆರೆದ ಮುಳುಗುಗಂಟೆಯೊಳಗೆ ನಿಂತು ನದಿಯ ತಳದಲ್ಲಿ ನಡೆದಾಡಿದ್ದನು. ಮೇಲೆ ನೀರು ಹರಿಯುವಂತೆಯೇ ತಳದಲ್ಲಿ ಮರಳೂ ಹರಿಯುತ್ತದೆಂದು ಅವನಿಗೆ ಕಾಲಿನ ಅನುಭವದಿಂದಲೇ ಗೊತ್ತಿತ್ತು. ಆದ್ದರಿಂದ ಸೇತುವೆಯ ಕಂಬಗಳು ಮರಳಿನ ಮೇಲಲ್ಲ, ಅಡಿಯ ಬಂಡೆಯ ಮೇಲೆಯೇ ನಿಲ್ಲಬೇಕೆಂದು ಪಟ್ಟು ಹಿಡಿದನು. ಕೆಲಸಗಾರರು ಒತ್ತಿದ ಗಾಳಿ ತುಂಬಿದ ಕಾಯ್ಸನ್ ಎಂಬ ಕೋಣೆಗಳಲ್ಲಿ ಕುಳಿತು ನೂರು ಅಡಿಗೂ ಆಳದಲ್ಲಿ ಮಣ್ಣು ತೆಗೆದರು. ಅಲ್ಲಿಂದ ಬೇಗನೆ ಮೇಲೆ ಬಂದಾಗ ರಕ್ತದಲ್ಲಿ ಕರಗಿದ್ದ ಸಾರಜನಕ ಗುಳ್ಳೆಯಾಗಿ ಮೈಯನ್ನು ತಿರುಚುವ ಕಾಯಿಲೆ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಅದರಿಂದ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 1874ರ ಜುಲೈ 4ರಂದು ತೆರೆದ ಈಡ್ಸ್ ಸೇತುವೆ, ಉಕ್ಕನ್ನು ಮುಖ್ಯವಾಗಿ ಬಳಸಿದ ಮೊದಲ ದೊಡ್ಡ ಸೇತುವೆಗಳಲ್ಲಿ ಒಂದು, ಇಂದಿಗೂ ರೈಲನ್ನೂ ವಾಹನಗಳನ್ನೂ ಹೊರುತ್ತಿದೆ. ನಾನು ಅದರ ಮೇಲೆ ನಡೆಯುವಾಗ ನೆನೆಯುವುದು ಈಡ್ಸ್‌ನಿಗಿಂತ ಮೊದಲು ಆ ಕೆಲಸಗಾರರನ್ನು.

ಇಷ್ಟು ದೊಡ್ಡ ಸೇತುವೆ ಬಂದರೂ ಶಿಕಾಗೋದ ಹಾದಿ ಆಗಲೇ ಗೆದ್ದಾಗಿತ್ತು. ದಂಡೆಯ ಗೋದಾಮುಗಳು ಖಾಲಿಯಾದವು. 1939ರಿಂದ ಸುಮಾರು ನಲವತ್ತು ಬೀದಿಚೌಕಗಳಷ್ಟು ಹಳೆಯ ಊರನ್ನು ಕೆಡವಿ ಬಯಲು ಮಾಡಿದರು, ಅಲ್ಲಿಯೇ 1965ರಲ್ಲಿ ಈರೊ ಸಾರಿನೆನ್ ವಿನ್ಯಾಸದ 630 ಅಡಿ ಎತ್ತರದ ಗೇಟ್‌ವೇ ಕಮಾನು ಪೂರ್ಣಗೊಂಡಿತು. ಕಮಾನು ಸುಂದರವಾಗಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಊರಿನ ಹುಟ್ಟುನೆಲದಲ್ಲಿ ಈಗ ಹುಲ್ಲುಹಾಸಿದೆ. 1950ರಲ್ಲಿ ಎಂಟೂವರೆ ಲಕ್ಷ ದಾಟಿದ್ದ ನಗರದ ಜನಸಂಖ್ಯೆ 2020ರಲ್ಲಿ ಮೂರು ಲಕ್ಷದ ಆಸುಪಾಸಿಗೆ ಇಳಿಯಿತು. ಎದುರು ದಂಡೆಯ ತಗ್ಗಿನ ಪಾಡು ಇನ್ನೂ ಕಷ್ಟದ್ದು. ಕಾರ್ಖಾನೆಗಳಿಗೆ, ಕಸಾಯಿಖಾನೆಗಳಿಗೆ, ರೈಲು ಹಳಿಗಳಿಗೆ ಆ ನೆಲವನ್ನು ಬಿಟ್ಟುಕೊಟ್ಟರು. ತೆರಿಗೆ ತಪ್ಪಿಸಿಕೊಳ್ಳಲು ಕಂಪನಿಗಳು ತಮ್ಮ ಆವರಣಗಳನ್ನೇ ಬೇರೆ ಊರುಗಳೆಂದು ನೋಂದಾಯಿಸಿಕೊಂಡವು. ದುಡಿಯಲು ದಕ್ಷಿಣದಿಂದ ಬಂದ ಕಪ್ಪು ಜನರಿಗೆ ಸಿಕ್ಕಿದ್ದು ಈಸ್ಟ್ ಸೇಂಟ್ ಲೂಯಿಸ್. 1917ರ ಜುಲೈನಲ್ಲಿ ಅಲ್ಲಿ ಬಿಳಿಯರ ಗುಂಪುಗಳು ಅವರ ಮನೆಗಳಿಗೆ ಬೆಂಕಿ ಇಟ್ಟು, ಓಡಿ ಬಂದವರನ್ನು ಕೊಂದವು. ಸರ್ಕಾರಿ ಲೆಕ್ಕದಲ್ಲಿ ಸತ್ತ ಕಪ್ಪು ಜನರು 39. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚೆಂದು ಇತಿಹಾಸಕಾರರು ನಂಬುತ್ತಾರೆ. ಬದುಕಿದವರಲ್ಲಿ ಸಾವಿರಾರು ಮಂದಿ ಈಡ್ಸ್ ಮತ್ತು ಇನ್ನೊಂದು ಸೇತುವೆಯನ್ನು ದಾಟಿ ಸೇಂಟ್ ಲೂಯಿಸ್‌ಗೆ ಓಡಿದರು.

1993ರ ಬೇಸಿಗೆಯಲ್ಲಿ ಮಹಾಪೂರ ಬಂದಾಗ ಸೇಂಟ್ ಲೂಯಿಸ್‌ನಲ್ಲಿ ನೀರು 49.6 ಅಡಿಯವರೆಗೆ ಏರಿತು. ನಗರದ ಗೋಡೆ ತಡೆಯಬಲ್ಲದ್ದು 52 ಅಡಿಯವರೆಗೆ. ಆ ವರ್ಷ ಇಲ್ಲಿಂದ ದಕ್ಷಿಣಕ್ಕೆ ಇಲಿನಾಯ್ ಕಡೆಯ ವಾಲ್ಮಯರ್ ಎಂಬ ಸುಮಾರು ಒಂಬೈನೂರು ಜನರ ಊರು, ನೆರೆ ತಡೆಯಲು ದಂಡೆಯಲ್ಲಿ ಕಟ್ಟಿದ ಏರಿ ಒಡೆದು, ಮುಳುಗಿತು. ಅಲ್ಲಿಯ ಜನ ಸಭೆ ಸೇರಿ ಚರ್ಚಿಸಿ, ಹಳೆಯ ಜಾಗವನ್ನು ಬಿಟ್ಟು ಪಕ್ಕದ ದಿಣ್ಣೆಯ ಮೇಲೆ ಊರನ್ನು ಹೊಸದಾಗಿ ಕಟ್ಟಿಕೊಂಡರು. ಕೆಳಗಿನ ಹಳೆಯ ಬೀದಿಗಳ ಗುರುತು ಹೊಲಗಳ ನಡುವೆ ಇನ್ನೂ ಇದೆ. ಊರು ತನ್ನ ಎತ್ತರವನ್ನು ತಾನೇ ಆರಿಸಿಕೊಂಡ ಅಪರೂಪದ ಉದಾಹರಣೆ ಇದು, ಮತ್ತು ಸರ್ಕಾರ ಅದಕ್ಕೆ ಹಣ ಕೊಟ್ಟಿತು ಎಂಬುದನ್ನೂ ಹೇಳಬೇಕು.

ಒಹಾಯೊ ನದಿ ಬಂದು ಸೇರುವ ಸಂಗಮದಲ್ಲಿ ಇಲಿನಾಯ್ ರಾಜ್ಯದ ತುತ್ತತುದಿಯಲ್ಲಿ ಕೇರೋ ಎಂಬ ಊರಿದೆ. ನಕಾಶೆಯಲ್ಲಿ ನೋಡಿದರೆ ಅಮೆರಿಕದ ಅತಿ ದೊಡ್ಡ ನಗರ ಅಲ್ಲಿಯೇ ಇರಬೇಕು ಎನಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಹೂಡಿಕೆದಾರರಿಗೂ ಹಾಗೆಯೇ ಅನಿಸಿತ್ತು. ಎರಡು ಮಹಾನದಿಗಳ ನಡುವಿನ ಆ ನಾಲಿಗೆಯಂಥ ನೆಲಕ್ಕೆ ದಿಣ್ಣೆ ಎಂಬುದೇ ಇಲ್ಲ. ಸುತ್ತಲೂ ಏರಿ ಕಟ್ಟಿ, ಊರಿನ ಬಾಗಿಲಿಗೆ ನೆರೆ ಬಂದಾಗ ಇಳಿಸುವ ಉಕ್ಕಿನ ಕದ ಇಟ್ಟು, ಒಳಗೆ ಬದುಕಬೇಕು. ಅಂತರ್ಯುದ್ಧದ ಆರಂಭದಲ್ಲಿ ಉತ್ತರದ ಕಡೆಯ ಜನರಲ್ ಗ್ರಾಂಟ್‌ನ ಪಡೆ ಇಲ್ಲಿ ನೆಲೆಸಿತ್ತು, ಉಗಿಹಡಗುಗಳ ಕಾಲದಲ್ಲಿ ಊರು ತುಂಬಿ ತುಳುಕಿತ್ತು, 1920ರಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನರಿದ್ದರು. 2020ರ ಗಣತಿಯಲ್ಲಿ ಉಳಿದವರು 1,733. ಸೇತುವೆಗಳೂ ಹೆದ್ದಾರಿಗಳೂ ಊರನ್ನು ಬಳಸಿ ಹೋದದ್ದು ಒಂದು ಕಾರಣ. ಊರೊಳಗಿನ ದ್ವೇಷ ಇನ್ನೊಂದು ಕಾರಣ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. 1960ರ ದಶಕದಲ್ಲಿ ಕಪ್ಪು ಮಕ್ಕಳೊಂದಿಗೆ ಈಜುಕೊಳವನ್ನು ಹಂಚಿಕೊಳ್ಳುವುದಕ್ಕಿಂತ ಅದನ್ನು ಮುಚ್ಚುವುದೇ ಮೇಲೆಂದು ಊರು ತೀರ್ಮಾನಿಸಿತು. 1969ರಿಂದ ಕಪ್ಪು ಜನರು ವರ್ಷಗಟ್ಟಲೆ ನಡೆಸಿದ ಬಹಿಷ್ಕಾರದಲ್ಲಿ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಒಪ್ಪದ ಅಂಗಡಿಗಳು ಬಾಗಿಲು ಹಾಕಿಕೊಂಡವು, ಮತ್ತೆ ತೆರೆಯಲಿಲ್ಲ. ಕಮರ್ಷಿಯಲ್ ಅವೆನ್ಯೂ ಎಂಬ ಮುಖ್ಯ ಬೀದಿಯಲ್ಲಿ ನಡೆದರೆ ಮಾಡು ಕುಸಿದ ಇಟ್ಟಿಗೆಯ ಕಟ್ಟಡಗಳ ನಡುವೆ ಪೊದೆ ಬೆಳೆದಿರುವುದು ಕಾಣುತ್ತದೆ.

2011ರ ಮೇ ತಿಂಗಳಲ್ಲಿ ಎರಡೂ ನದಿಗಳು ಒಟ್ಟಿಗೆ ಉಕ್ಕಿದವು. ಕೇರೋವಿನ ಗೋಡೆ ಒಡೆಯುವ ಭಯ ಹುಟ್ಟಿದಾಗ ಇಂಜಿನಿಯರ್‌ಗಳ ದಳ ಎದುರಿನ ಮಿಸೌರಿ ದಂಡೆಯ ಬರ್ಡ್ಸ್ ಪಾಯಿಂಟ್ ಏರಿಯನ್ನು ಮೇ 2ರ ರಾತ್ರಿ ಸ್ಫೋಟಿಸಿ ಒಡೆಯಿತು. ಸುಮಾರು ಒಂದು ಲಕ್ಷದ ಮೂವತ್ತು ಸಾವಿರ ಎಕರೆ ಹೊಲದ ಮೇಲೆ ನೀರು ಹರಿಯಿತು, ಕೇರೋ ಉಳಿಯಿತು. ಅದಕ್ಕೆ ಮೊದಲು ಮಿಸೌರಿ ರಾಜ್ಯ ಇದನ್ನು ತಡೆಯಲು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಅಷ್ಟು ಬೆಲೆಬಾಳುವ ಹೊಲಗಳನ್ನು ಕೇರೋವಿನಂಥ ಬಡ ಊರಿಗಾಗಿ ಮುಳುಗಿಸಬೇಕೇ ಎಂದು ಬಹಿರಂಗವಾಗಿ ಕೇಳಿದವರು ಇದ್ದರು. ಏರಿ ಒಡೆದ ಜಾಗದ ಪಿನ್‌ಹುಕ್ ಎಂಬ ಸಣ್ಣ ಊರು, ಬೇರೆಡೆ ಭೂಮಿ ಕೊಳ್ಳಲು ಬಿಡದ ಕಾಲದಲ್ಲಿ ಕಪ್ಪು ರೈತರು ನೆಲೆಸಿದ್ದ ಊರು, ಆ ನೀರಿನಲ್ಲಿ ಇಲ್ಲವಾಯಿತು. ಬಹುಪಾಲು ಕಪ್ಪು ಜನರಿರುವ ಕೇರೋವನ್ನು ಉಳಿಸಲು ಕಪ್ಪು ರೈತರದೇ ಊರು ಮುಳುಗಿತು ಎಂಬುದನ್ನು ತಿಳಿದ ಮೇಲೆ, ಯಾವ ಕಡೆಗೆ ನ್ಯಾಯ ಎಂದು ಹೇಳುವುದು ಸುಲಭವಲ್ಲ. ಜೀವ ಉಳಿಸಿದ ತೀರ್ಮಾನ ಸರಿಯಾದುದೆಂದೇ ನಾನು ಹೇಳುತ್ತೇನೆ. ಮನೆ ಕಳೆದುಕೊಂಡವರಿಗೆ ಬದಲಿ ಊರು ಕಟ್ಟಿಕೊಡಲು ಯಾರೂ ತಕ್ಷಣ ಮುಂದಾಗದೆ ಇದ್ದುದು ತಪ್ಪು.

ಮೆಂಫಿಸ್ ದಿಣ್ಣೆಯ ಊರು. ಚಿಕಸಾ ದಿಣ್ಣೆಗಳಲ್ಲಿ ನಾಲ್ಕನೆಯದರ ಮೇಲೆ 1819ರಲ್ಲಿ ಅದನ್ನು ಗುರುತು ಹಾಕಿದರು, ಹತ್ತಿಯ ವ್ಯಾಪಾರದಲ್ಲಿ ಅದು ಕೊಬ್ಬಿತು. ದಿಣ್ಣೆ ಅದನ್ನು ನೆರೆಯಿಂದ ಕಾಪಾಡಿತು, ಸೊಳ್ಳೆಯಿಂದ ಕಾಪಾಡಲಿಲ್ಲ. 1878ರ ಬೇಸಿಗೆಯಲ್ಲಿ ನ್ಯೂ ಆರ್ಲಿಯನ್ಸ್ ಕಡೆಯಿಂದ ನದಿಯ ಹಾದಿಯಲ್ಲಿ ಹಳದಿ ಜ್ವರ ಬಂತು. ಊರ ನಡುವಿನ ಗಯೋಸೊ ಎಂಬ ಹಳ್ಳ ತೆರೆದ ಚರಂಡಿಯಾಗಿತ್ತು. ಸ್ಥಿತಿವಂತರು ಸೇರಿದಂತೆ ಸುಮಾರು ಇಪ್ಪತ್ತೈದು ಸಾವಿರ ಮಂದಿ ಕೆಲವೇ ದಿನಗಳಲ್ಲಿ ಊರು ಬಿಟ್ಟರು. ಉಳಿದ ಸುಮಾರು ಇಪ್ಪತ್ತು ಸಾವಿರ ಜನರಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಉಳಿದವರಲ್ಲಿ ಬಹುಪಾಲು ಕಪ್ಪು ಜನರು. ಊರಿನ ಕಾವಲು, ರೋಗಿಗಳ ಆರೈಕೆ, ಹೆಣ ಹೂಳುವುದು ಎಲ್ಲದರಲ್ಲೂ ಅವರು ದುಡಿದರು. ನಗರ ದಿವಾಳಿಯಾಗಿ ಮರುವರ್ಷ ನಗರವೆಂಬ ಸ್ಥಾನವನ್ನೇ ಕಳೆದುಕೊಂಡಿತು. ಆಮೇಲೆ ನೆಲದಡಿಯ ಒಳಚರಂಡಿ ಬಂತು, 1887ರಲ್ಲಿ ಮರಳಿನ ಪದರಗಳಡಿಯ ಶುದ್ಧ ಅಂತರ್ಜಲ ಸಿಕ್ಕಿತು, ಇಂದಿಗೂ ಊರು ಕುಡಿಯುವುದು ನದಿಯ ನೀರನ್ನಲ್ಲ, ಆ ಅಂತರ್ಜಲವನ್ನು.

ಅದೇ ಊರಿನಲ್ಲಿ 1968ರ ಫೆಬ್ರುವರಿ 1ರಂದು, ಮಳೆಗೆ ನಿಲ್ಲಲು ಬೇರೆ ಜಾಗವಿಲ್ಲದೆ ಕಸದ ಲಾರಿಯ ಹಿಂಭಾಗದಲ್ಲಿ ಆಶ್ರಯ ಪಡೆದ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಪೌರಕಾರ್ಮಿಕರು ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು, ‘ನಾನೂ ಮನುಷ್ಯ’ ಎಂಬರ್ಥದ ಫಲಕ ಹಿಡಿದು ನಡೆದರು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಲೊರೇನ್ ಮೋಟೆಲಿನ ಮೊಗಸಾಲೆಯಲ್ಲಿ ಗುಂಡೇಟಿಗೆ ಬಲಿಯಾದರು. ಹಳದಿ ಜ್ವರದ ವರ್ಷ ಊರನ್ನು ಶುಚಿಯಾಗಿಡಲು ದುಡಿದವರ ಚರಿತ್ರೆಯನ್ನೂ ಈ ಮುಷ್ಕರದ ಚರಿತ್ರೆಯನ್ನೂ ಒಟ್ಟಿಗೆ ಓದಬೇಕೆಂದು ನನಗೆ ಅನಿಸುತ್ತದೆ.

ವಿಕ್ಸ್‌ಬರ್ಗ್ ಕೂಡ ಎತ್ತರದ ಊರು. ಆ ಎತ್ತರದಿಂದಲೇ ಅದು ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆಗಳ ಕೈಯಲ್ಲಿದ್ದು ನದಿಯ ಸಂಚಾರವನ್ನು ಹಿಡಿದಿಟ್ಟುಕೊಂಡಿತ್ತು. ಅದರ ಫಿರಂಗಿಗಳನ್ನು ತಪ್ಪಿಸಲು ಗ್ರಾಂಟ್ ಎದುರು ದಂಡೆಯಲ್ಲಿ ಕಾಲುವೆ ತೋಡಿಸಿದನು, ನದಿ ಅದರೊಳಗೆ ಬರಲೊಪ್ಪಲಿಲ್ಲ. ಕೊನೆಗೆ ದೀರ್ಘ ಮುತ್ತಿಗೆಯ ನಂತರ 1863ರ ಜುಲೈ 4ರಂದು ಊರು ಶರಣಾಯಿತು. ಹದಿಮೂರು ವರ್ಷಗಳಾದ ಮೇಲೆ, 1876ರಲ್ಲಿ, ನದಿ ತಾನಾಗಿಯೇ ತನ್ನ ಸುತ್ತುಬಳಸಿನ ಕುತ್ತಿಗೆಯನ್ನು ಕತ್ತರಿಸಿ ನೇರವಾಗಿ ಹರಿಯಿತು, ವಿಕ್ಸ್‌ಬರ್ಗ್‌ನ ಬಂದರು ಹೂಳು ತುಂಬಿ ನಿಂತಿತು. ಯಾಜೂ ನದಿಯನ್ನು ಕಾಲುವೆಯಲ್ಲಿ ತಿರುಗಿಸಿ ಊರಿನ ಮುಂದೆ ಮತ್ತೆ ನೀರು ತರಲು 1903ರವರೆಗೆ ಕಾಯಬೇಕಾಯಿತು.

ವಿಕ್ಸ್‌ಬರ್ಗ್‌ನಿಂದ ಮೇಲಕ್ಕೆ, ಮೆಂಫಿಸ್ ಕಡೆಗೆ, ಹತ್ತಿ ಬೆಳೆಯುವ ಡೆಲ್ಟಾ ಎಂಬ ವಿಶಾಲ ತಗ್ಗು ಇದೆ. 1927ರ ಏಪ್ರಿಲ್ 21ರಂದು ಗ್ರೀನ್‌ವಿಲ್ ಊರಿನ ಮೇಲ್ಭಾಗದ ಮೌಂಡ್ಸ್ ಲ್ಯಾಂಡಿಂಗ್‌ನಲ್ಲಿ ಏರಿ ಒಡೆಯಿತು. ಗ್ರೀನ್‌ವಿಲ್‌ನಲ್ಲಿ ಸಾವಿರಾರು ಕಪ್ಪು ಜನರು ಏರಿಯ ಕಿರಿದಾದ ನೆತ್ತಿಯ ಮೇಲೆ ಆಶ್ರಯ ಪಡೆದರು. ಅವರನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ಯಲು ದೋಣಿಗಳು ಬಂದಿದ್ದರೂ, ಒಮ್ಮೆ ಹೋದ ಕೂಲಿಗಳು ಹೊಲಕ್ಕೆ ಮರಳಿ ಬರುವುದಿಲ್ಲವೆಂಬ ಜಮೀನುದಾರರ ಭಯಕ್ಕೆ ಮಣಿದು ಅವರನ್ನು ಅಲ್ಲಿಯೇ ಉಳಿಸಿಕೊಂಡರು. ಬಂದೂಕಿನ ಕಾವಲಿನಲ್ಲಿ ದುಡಿಸಿಕೊಂಡರು. ಅದೇ ತಿಂಗಳ 29ರಂದು ನ್ಯೂ ಆರ್ಲಿಯನ್ಸ್‌ನ ಬ್ಯಾಂಕುಗಳ ಮತ್ತು ವ್ಯಾಪಾರಿಗಳ ಒತ್ತಾಯದ ಮೇರೆಗೆ ಆ ನಗರದ ಕೆಳಗಿನ ಕೇರ್ನಾರ್ವನ್‌ನಲ್ಲಿ ಏರಿಯನ್ನು ಡೈನಮೈಟ್ ಇಟ್ಟು ಒಡೆದರು. ಸೇಂಟ್ ಬರ್ನಾರ್ಡ್ ಮತ್ತು ಪ್ಲಾಕ್ವಮಿನ್ಸ್ ಜಿಲ್ಲೆಗಳ ಬೆಸ್ತರ, ಬೇಟೆಗಾರರ ಮನೆಗಳು ಮುಳುಗಿದವು. ಮೇಲಿನ ಏರಿಗಳು ಆಗಲೇ ಒಡೆದು ನದಿಯ ಒತ್ತಡ ಇಳಿದಿದ್ದರಿಂದ ಆ ಬಲಿ ಅನಗತ್ಯವಾಗಿತ್ತು. ಕೊಡುತ್ತೇವೆಂದ ಪರಿಹಾರದಲ್ಲಿ ಜನರಿಗೆ ಸಿಕ್ಕಿದ್ದು ಅಲ್ಪ.

ಬ್ಯಾಟನ್ ರೂಜ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಳಗಿನ ದಾರಿಯಲ್ಲಿ ಕೊನೆಯದೆನ್ನಬಹುದಾದ ದಿಣ್ಣೆ ಅದು. ಅಲ್ಲಿಂದ ನ್ಯೂ ಆರ್ಲಿಯನ್ಸ್‌ವರೆಗೆ ಎರಡೂ ದಂಡೆಗಳಲ್ಲಿ ತೈಲ ಮತ್ತು ರಾಸಾಯನಿಕ ಕಾರ್ಖಾನೆಗಳು, ಅವುಗಳ ಬೇಲಿಗೆ ತಾಗಿಕೊಂಡು ಹಳೆಯ ಕಬ್ಬಿನ ತೋಟಗಳ ಗುಲಾಮರ ಮೊಮ್ಮಕ್ಕಳ ಮನೆಗಳು. ಅಲ್ಲಿಯ ಜನ ಆ ಹಾದಿಯನ್ನು ಕ್ಯಾನ್ಸರ್ ಓಣಿ ಎನ್ನುತ್ತಾರೆ.

1718ರಲ್ಲಿ ಫ್ರೆಂಚ್ ಅಧಿಕಾರಿ ಬಿಯೆನ್‌ವಿಲ್ ನ್ಯೂ ಆರ್ಲಿಯನ್ಸ್‌ಗೆ ಜಾಗ ಗೊತ್ತುಮಾಡಿದಾಗ, ನದಿಯೇ ನೂರಾರು ನೆರೆಗಳಲ್ಲಿ ಮಣ್ಣು ತಂದು ಹಾಕಿ ಎತ್ತರಿಸಿದ ಸಹಜವಾದ ಅಂಚಿನ ಮೇಲೆ ಊರು ಕುಳಿತಿತು. ಇಲ್ಲಿ ಎಲ್ಲೆಡೆಯ ನಿಯಮ ತಿರುಗುಮುರುಗು: ನದಿಗೆ ಹತ್ತಿರ ಇದ್ದಷ್ಟೂ ನೆಲ ಎತ್ತರ, ದೂರ ಹೋದಷ್ಟೂ ತಗ್ಗು. ಆದ್ದರಿಂದ ಹಳೆಯ ಫ್ರೆಂಚ್ ಬಡಾವಣೆ ನದಿಗೆ ಅಂಟಿಕೊಂಡಿದೆ. ಹಿಂದಿನ ಜವುಗುನೆಲದಲ್ಲಿ ಯಾರೂ ಮನೆ ಕಟ್ಟುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾಲ್ಡ್ವಿನ್ ವುಡ್ ಎಂಬ ಇಂಜಿನಿಯರ್ ರೂಪಿಸಿದ ಬೃಹತ್ ಪಂಪುಗಳು ಆ ಜವುಗನ್ನು ಬಸಿದು ಬಡಾವಣೆಗಳಿಗೆ ದಾರಿ ಮಾಡಿದವು. ನೀರು ಬಸಿದ ಮಣ್ಣು ಒಣಗಿ ಕುಗ್ಗಿತು, ನೆಲ ಸಮುದ್ರಮಟ್ಟಕ್ಕಿಂತ ಕೆಳಗಿಳಿಯಿತು, ಇಳಿದಷ್ಟೂ ಹೆಚ್ಚು ಬಸಿಯಬೇಕಾಯಿತು. ಇಂದು ನಗರದ ಅರ್ಧದಷ್ಟು ಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಂದಾಗ ಊರನ್ನು ಮುಳುಗಿಸಿದ್ದು ನದಿಯಲ್ಲ. ಹಿಂಬದಿಯಿಂದ ಸಮುದ್ರದ ನೀರನ್ನು ಒಳಗೆ ತಂದ ಕಾಲುವೆಗಳ ಗೋಡೆಗಳು ಒಡೆದವು. ನಗರದ ಶೇಕಡಾ 80ರಷ್ಟು ಭಾಗ ನೀರಿನಡಿ ಹೋಯಿತು. ಆ ಗೋಡೆಗಳ ವಿನ್ಯಾಸದಲ್ಲಿ ದೋಷವಿತ್ತೆಂದು ಅವನ್ನು ಕಟ್ಟಿಸಿದ ಇಂಜಿನಿಯರ್‌ಗಳ ದಳವೇ ಮರುವರ್ಷ ಒಪ್ಪಿಕೊಂಡಿತು. 1718ರ ದಿಣ್ಣೆ ಬಹುಮಟ್ಟಿಗೆ ಒಣಗಿಯೇ ಉಳಿಯಿತು. ಲೋವರ್ ನೈಂತ್ ವಾರ್ಡ್ ಎಂಬ ತಗ್ಗಿನ ಬಡಾವಣೆಯ ಮನೆಗಳನ್ನು ನೀರು ಅಡಿಪಾಯದಿಂದ ಕಿತ್ತು ಬೀದಿಗೆ ಎಸೆಯಿತು; ಅಲ್ಲಿ ಈಗಲೂ ಮನೆಗಳಿಗಿಂತ ಖಾಲಿ ಜಾಗಗಳೇ ಹೆಚ್ಚಾಗಿ ಕಾಣುವ ಬೀದಿಗಳಿವೆ.

ನ್ಯೂ ಆರ್ಲಿಯನ್ಸ್‌ಗೂ ಸಮುದ್ರಕ್ಕೂ ನಡುವೆ ಹಿಂದೆ ಇದ್ದ ಜವುಗುನೆಲ ಚಂಡಮಾರುತದ ರಭಸವನ್ನು ತಗ್ಗಿಸುತ್ತಿತ್ತು. 1930ರ ದಶಕದಿಂದ ಲೂಯಿಸಿಯಾನ ಕರಾವಳಿಯಲ್ಲಿ ಸುಮಾರು ಐದು ಸಾವಿರ ಚದರ ಕಿಲೋಮೀಟರ್ ನೆಲ ಸಮುದ್ರದ ಪಾಲಾಗಿದೆ. ತೈಲ ಕಂಪನಿಗಳು ತೋಡಿದ ಕಾಲುವೆಗಳು ಒಂದು ಕಾರಣ. ಏರಿಗಳ ನಡುವೆ ಬಂಧಿಯಾದ ನದಿ ತನ್ನ ಮಣ್ಣನ್ನು ಅಕ್ಕಪಕ್ಕ ಹರಡಲಾಗದೆ ಆಳ ಸಮುದ್ರಕ್ಕೆ ಸುರಿಯುತ್ತಿರುವುದು ಇನ್ನೊಂದು. ಸೇಂಟ್ ಲೂಯಿಸ್‌ನ ಈಡ್ಸ್ 1870ರ ದಶಕದಲ್ಲಿ ನದೀಮುಖದಲ್ಲಿ ಸಮಾನಾಂತರ ಒಡ್ಡುಗಳನ್ನು ಕಟ್ಟಿ, ನದಿಯ ವೇಗದಿಂದಲೇ ಹೂಳನ್ನು ಕೊರೆಸಿ ಹಡಗುಗಳಿಗೆ ದಾರಿ ತೆರೆದದ್ದು ಈ ವಿಧಾನದ ದೊಡ್ಡ ಗೆಲುವು. ಮಣ್ಣು ದೂರ ಹೋಗಬೇಕೆಂಬುದೇ ಅದರ ಗುರಿಯಾಗಿತ್ತು. ಆ ಮಣ್ಣನ್ನು ಮತ್ತೆ ಜವುಗಿಗೆ ತಿರುಗಿಸಲು ಏರಿಯಲ್ಲಿ ಬಾಗಿಲು ಇಡುವ ಮಿಡ್-ಬರಟೇರಿಯ ಎಂಬ ಸುಮಾರು ಮುನ್ನೂರು ಕೋಟಿ ಡಾಲರ್‌ಗಳ ಯೋಜನೆ 2023ರಲ್ಲಿ ಶುರುವಾಯಿತು. ಸಿಹಿನೀರು ಬಂದರೆ ತಮ್ಮ ಸಿಂಪಿ, ಸೀಗಡಿ ನಾಶವಾಗುತ್ತವೆಂದು ಪ್ಲಾಕ್ವಮಿನ್ಸ್‌ನ ಮೀನುಗಾರರು ವಿರೋಧಿಸಿದರು. ಕೇರ್ನಾರ್ವನ್‌ನ ಡೈನಮೈಟನ್ನು ಕಂಡ ಜಿಲ್ಲೆ ಅದು. ನಗರದ ಹಿತಕ್ಕೆಂದು ತಮ್ಮ ಮೇಲೆ ನೀರು ಬಿಡುತ್ತಾರೆಂಬ ಮಾತನ್ನು ಅಲ್ಲಿಯವರು ಬರಿಯ ಅನುಮಾನವೆಂದು ತಳ್ಳಿಹಾಕುವಂತಿಲ್ಲ. 2025ರ ಜುಲೈನಲ್ಲಿ ರಾಜ್ಯ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಮೀನುಗಾರರಿಗೆ ಮೊದಲೇ ನ್ಯಾಯವಾದ, ಲಿಖಿತವಾದ, ಕೈಗೆ ಸಿಗುವ ಪರಿಹಾರವನ್ನು ಖಚಿತಪಡಿಸಿ ಅದನ್ನು ಪೂರೈಸಬೇಕಾಗಿತ್ತೆಂದು ನಾನು ನಂಬುತ್ತೇನೆ, ಏಕೆಂದರೆ ಯೋಜನೆ ನಿಂತರೂ ಆ ಮೀನುಗಾರರ ಊರುಗಳ ಸುತ್ತಲಿನ ನೆಲ ಕರಗುವುದು ನಿಂತಿಲ್ಲ.